ಯಾರಿಗಿಂತ? ಯಾರಿಗೆ? ಯಾರ ಮುಂದೆ?

ಭಾಷೆಯಲ್ಲಿ ದೊಡ್ಡ ಪದಗಳಿಗೆ ಸಿಗುವ ಗೌರವ ಸಣ್ಣ ಪದಗಳಿಗೆ ಸಿಗುವುದಿಲ್ಲ. 'ಸ್ವಾತಂತ್ರ್ಯ', 'ಸಂಸ್ಕೃತಿ', 'ಸಮಾನತೆ' ಎಂಬ ಪದಗಳ ಮೇಲೆ ವಿಚಾರ ಸಂಕಿರಣಗಳು ನಡೆಯುತ್ತವೆ. 'ಗಿಂತ', 'ಇಂದ', 'ಒಂದಿಗೆ' ಎಂಬ ಬಾಲಗಳ ಮೇಲೆ ಯಾರೂ ಭಾಷಣ ಮಾಡುವುದಿಲ್ಲ. ಅವು ವ್ಯಾಕರಣ ಪುಸ್ತಕದ ಮೂಲೆಯಲ್ಲಿ ಬಿದ್ದಿರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಆದರೆ ಮನುಷ್ಯ ಮನುಷ್ಯನನ್ನು ಅಳೆಯುವ, ಮೇಲೇರಿಸುವ, ಕೆಳಗಿಳಿಸುವ, ಹೊರಗಿಡುವ ಕೆಲಸವನ್ನೆಲ್ಲ ಮಾಡುವುದು ಈ ಸಣ್ಣ ಪದಗಳೇ. ಇಂಗ್ಲಿಷ್ ಕಲಿಯುವಾಗ ನಮಗೆಲ್ಲ ತಲೆನೋವು ತಂದ ಒಂದು ಪಾಠದ ನೆಪದಲ್ಲಿ ಈ ಮಾತನ್ನು ಸ್ವಲ್ಪ ವಿವರಿಸಬೇಕೆನಿಸುತ್ತದೆ.

ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ಎಂದರೆ ಗುಣವಾಚಕ. ಅದು ಒಂದನ್ನು ಇನ್ನೊಂದರ ಪಕ್ಕದಲ್ಲಿ ನಿಲ್ಲಿಸಿ ಅಳೆಯಲು ಹೊರಟಾಗ ತನ್ನ ಜೊತೆಗೆ ಒಂದು ಸಣ್ಣ ಪದವನ್ನು ಕರೆದುಕೊಂಡು ಹೋಗುತ್ತದೆ. ಹೆಚ್ಚಿನ ಸಲ ಅದು ಪ್ರಿಪೊಸಿಷನ್. ಯಾವ ಗುಣವಾಚಕಕ್ಕೆ ಯಾವ ಸಂಗಾತಿ ಎಂಬುದು ಬಹುಮಟ್ಟಿಗೆ ಮೊದಲೇ ನಿಶ್ಚಯವಾದ ಸಂಬಂಧ. 'ಸಿಮಿಲರ್' ಬಂದರೆ 'ಟು' ಬರಬೇಕು. 'ಡಿಫರೆಂಟ್' ಬಂದರೆ 'ಫ್ರಮ್'. 'ಈಕ್ವಲ್' ಬಂದರೆ 'ಟು'. 'ಸೇಮ್' ಬಂದರೆ 'ಆ್ಯಸ್'. 'ಟಾಲರ್', 'ಬೆಟರ್', 'ರಿಚರ್' ಮುಂತಾದವುಗಳಿಗೆ 'ದ್ಯಾನ್'. ಆದರೆ 'ಸುಪೀರಿಯರ್', 'ಇನ್‌ಫೀರಿಯರ್', 'ಸೀನಿಯರ್', 'ಜೂನಿಯರ್' ಬಂದಾಗ 'ದ್ಯಾನ್' ಕೂಡದು, 'ಟು' ಬೇಕು. ಕಟ್ಟುನಿಟ್ಟಿನ ವ್ಯಾಕರಣಕಾರರು 'ದ್ಯಾನ್', 'ಆ್ಯಸ್'ಗಳನ್ನು ಪ್ರಿಪೊಸಿಷನ್ ಎಂದು ಒಪ್ಪದೆ ವಾಕ್ಯ ಜೋಡಿಸುವ ಪದಗಳ ಸಾಲಿನಲ್ಲಿ ಕೂರಿಸುತ್ತಾರೆ. ಇರಲಿ, ಕೆಲಸ ಒಂದೇ. ಬಿಟ್ಟ ಸ್ಥಳ ತುಂಬಿರಿ ಎಂಬ ಒಂದು ಅಂಕದ ಪ್ರಶ್ನೆಗಳು ಹುಟ್ಟುವುದು ಇಲ್ಲಿಂದಲೇ.

ನಮ್ಮ ತಲೆಮಾರಿನವರು ಸರಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷಿನ ಮುಖ ನೋಡಿದ್ದು ಐದನೇ ತರಗತಿಯಲ್ಲಿ. ಸರಕಾರಿ ಶಾಲೆಗಳ ಒಂದನೇ ತರಗತಿಗೆ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007-08ರಲ್ಲಿ. ಆದರೆ ಐದನೇ ತರಗತಿಗೆ ಬರುವಷ್ಟರಲ್ಲಿ ನಮ್ಮ ಕಿವಿಯಲ್ಲಿ ಬೇರೆ ಭಾಷೆಗಳು ಆಗಲೇ ಮನೆಮಾಡಿದ್ದವು. ಬೆಳಿಗ್ಗೆ ಮದ್ರಸಾದಲ್ಲಿ ಅರಬಿ, ಆಮೇಲೆ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಕೆಲವರಿಗೆ ದಖನಿ ಉರ್ದು, ಕೆಲವರಿಗೆ ಬ್ಯಾರಿ, ಕೆಲವರಿಗೆ ನವಾಯತಿ. ಹೋಲಿಕೆ ಮಾಡುವುದು ಹೇಗೆಂದು ಈ ಭಾಷೆಗಳು ನಮಗೆ ಮೊದಲೇ ಕಲಿಸಿಬಿಟ್ಟಿದ್ದವು. ಅದೂ ಬಹಳ ಸರಳವಾಗಿ.

ಕನ್ನಡವನ್ನೇ ನೋಡಿ. ಇಲ್ಲಿ ಗುಣವಾಚಕ ಅಲುಗಾಡುವುದಿಲ್ಲ. 'ಎತ್ತರ' ಎಂಬ ಪದ ಹೋಲಿಕೆಗೆ ಹೊರಟರೂ 'ಎತ್ತರ'ವಾಗಿಯೇ ಉಳಿಯುತ್ತದೆ. ಯಾರ ಜೊತೆ ಹೋಲಿಸುತ್ತೇವೋ ಆ ಹೆಸರಿಗೆ 'ಗಿಂತ' ಅಂಟಿಸಿದರೆ ಕೆಲಸ ಮುಗಿಯಿತು. ಅಣ್ಣನಿಗಿಂತ ತಮ್ಮ ಎತ್ತರ. ಬೆಲ್ಲಕ್ಕಿಂತ ಸಕ್ಕರೆ ದುಬಾರಿ. ನಾಲ್ಕನೆಯ ವಿಭಕ್ತಿಯ 'ಗೆ', 'ಕ್ಕೆ'ಗಳ ಮೇಲೆ 'ಇಂತ' ಕೂತು ಆದ ರೂಪ ಇದು. ಎಲ್ಲರನ್ನೂ ಮೀರಿಸಿದ್ದನ್ನು ಹೇಳಬೇಕಾದರೂ ಬೇರೆ ಪದ ಬೇಡ, 'ಎಲ್ಲರಿಗಿಂತ' ಎಂದರೆ ಸಾಕು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯಲ್ಲಿ ಒಂದೇ 'ಗಿಂತ' ಅಡುಗೆಮನೆಯನ್ನೂ ಇಡೀ ಬಳಗವನ್ನೂ ತೂಗಿಬಿಡುತ್ತದೆ.

ಉರ್ದುವಿನ ದಾರಿಯೂ ದೂರವಿಲ್ಲ. 'ಮೇರೇ ಸೇ ಬಡಾ' ಎನ್ನುವಲ್ಲಿ 'ಸೇ' ಎಂದರೆ 'ಇಂದ'. ನನ್ನಿಂದ ಅಳೆದುಕೊಂಡು ಹೋದರೆ ಅವನು ದೊಡ್ಡವನು ಎಂಬ ಭಾವ. ಫಾರಸಿಯಿಂದ ಉರ್ದುವಿಗೆ ಬಂದ 'ಬೆಹತರ್' ಎಂಬ ಪದವೂ ನಮ್ಮ ಮನೆಗಳಲ್ಲಿ ದಿನಬಳಕೆಯದು. ಇಂಗ್ಲಿಷಿನ 'ಬೆಟರ್' ಕೇಳಿದ ಕೂಡಲೇ ಇವೆರಡೂ ಅಣ್ಣತಮ್ಮಂದಿರು ಎನಿಸುತ್ತದೆ. ಅರ್ಥ ಒಂದೇ, ದನಿಯೂ ಹೆಚ್ಚುಕಡಿಮೆ ಒಂದೇ. ಆದರೆ ಇವೆರಡರ ಬೇರುಗಳು ಬೇರೆ ಬೇರೆ, ಹೋಲಿಕೆ ಆಕಸ್ಮಿಕ ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಹೋಲುವುದೆಲ್ಲ ಸಂಬಂಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅರಬಿಯದು ಇನ್ನೊಂದು ಬಗೆ. ಅಲ್ಲಿ ಗುಣವಾಚಕವೇ ಹೊಸ ಅಚ್ಚಿನಲ್ಲಿ ಬರುತ್ತದೆ. 'ಕಬೀರ್' ಎಂದರೆ ದೊಡ್ಡ, 'ಅಕ್ಬರ್' ಎಂದರೆ ಹೆಚ್ಚು ದೊಡ್ಡ. 'ಸಗೀರ್' ಚಿಕ್ಕ, 'ಅಸ್ಗರ್' ಇನ್ನೂ ಚಿಕ್ಕ. 'ಶರೀಫ್' ಗೌರವಾನ್ವಿತ, 'ಅಶ್ರಫ್' ಇನ್ನೂ ಹೆಚ್ಚು ಗೌರವಾನ್ವಿತ. 'ಕರೀಮ್' ಉದಾರಿ, 'ಅಕ್ರಮ್' ಹೆಚ್ಚು ಉದಾರಿ. ಯಾರಿಗಿಂತ ಎಂದು ಹೇಳಬೇಕಾದಾಗ 'ಮಿನ್' ಎಂಬ ಪ್ರಿಪೊಸಿಷನ್ ಬರುತ್ತದೆ. ಅದರ ಮೂಲ ಅರ್ಥವೂ 'ಇಂದ' ಎಂದೇ. ನಮ್ಮ ಯಾವ ಮೊಹಲ್ಲಾದಲ್ಲಿ ಒಬ್ಬ ಅಶ್ರಫ್, ಒಬ್ಬ ಅಕ್ರಮ್, ಒಬ್ಬ ಅಕ್ಬರ್ ಇಲ್ಲ? ಹೋಲಿಕೆಯ ಪದಗಳನ್ನೇ ನಾವು ಹೆಸರಾಗಿ ಇಟ್ಟುಕೊಂಡು ಓಡಾಡುತ್ತಿದ್ದೇವೆ. ಆದರೆ ಆ ಹೆಸರುಗಳಲ್ಲಿ 'ಮಿನ್' ಇಲ್ಲ. ಯಾರಿಗಿಂತ ಎಂಬುದನ್ನು ಹೇಳದೆ ಬಿಡಲಾಗಿದೆ. ಈ ಬಿಟ್ಟ ಸ್ಥಳದ ಕಡೆಗೆ ಮುಂದೆ ಮತ್ತೆ ಬರೋಣ.

ಇಷ್ಟು ಭಾಷೆಗಳಲ್ಲಿ ಒಂದೊಂದೇ ಬಾಲದಿಂದ ಕೆಲಸ ನಡೆಸಿದವರಿಗೆ ಇಂಗ್ಲಿಷಿನ ಐದಾರು ಬಾಲಗಳು ಗೊಂದಲ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. 'ಗಿಂತ' ಎಂದರೆ 'ದ್ಯಾನ್' ಎಂದು ಒಮ್ಮೆ ಮನಸ್ಸಿನಲ್ಲಿ ಕೂತರೆ, 'ನನಗಿಂತ ಸೀನಿಯರ್' ಎಂಬುದು ಸಹಜವಾಗಿಯೇ 'ಸೀನಿಯರ್ ದ್ಯಾನ್ ಮೀ' ಆಗಿಬಿಡುತ್ತದೆ. ನಮ್ಮ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜು ಸ್ಟಾಫ್ ರೂಮುಗಳಲ್ಲಿ ಇಂದಿಗೂ ಕೇಳಿಬರುವ ವಾಕ್ಯ ಅದು. ಅದನ್ನು ಕೇಳಿ ನಗುವವರು ಇದ್ದಾರೆ. ನಗುವ ಮುನ್ನ, ಹಾಗೆ ಮಾತನಾಡುವವರು ಇಂಗ್ಲಿಷನ್ನು ಕೆಡಿಸುತ್ತಿಲ್ಲ, ತಮ್ಮ ತಾಯಿಭಾಷೆಯ ತರ್ಕವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ ಎಂಬುದನ್ನು ಅರಿತರೆ ಒಳ್ಳೆಯದು.

ಹಾಗಾದರೆ 'ಸೀನಿಯರ್'ಗೆ 'ಟು' ಏಕೆ? ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದ ಉತ್ತರ ಒಂದೇ, 'ಅದು ರೂಲ್, ಬರೆದುಕೊಳ್ಳಿ'. ಕಾರಣ ಪದಗಳ ಹುಟ್ಟಿನಲ್ಲಿದೆ. ಇವು ಇಂಗ್ಲಿಷಿನ ಸ್ವಂತ ಮಕ್ಕಳಲ್ಲ, ಲ್ಯಾಟಿನ್ ಮನೆಯಿಂದ ಬಂದವು. ಲ್ಯಾಟಿನ್‌ನಲ್ಲಿ 'ಸೆನೆಕ್ಸ್' ಎಂದರೆ ಮುದುಕ, 'ಸೀನಿಯರ್' ಎಂದರೆ ಹೆಚ್ಚು ವಯಸ್ಸಾದವನು. 'ಯುವೆನಿಸ್' ಎಂದರೆ ಯುವಕ, 'ಜೂನಿಯರ್' ಎಂದರೆ ಹೆಚ್ಚು ಎಳೆಯವನು. 'ಸುಪೀರಿಯರ್' ಎಂದರೆ ಇನ್ನೂ ಮೇಲಿನದು, 'ಇನ್‌ಫೀರಿಯರ್' ಎಂದರೆ ಇನ್ನೂ ಕೆಳಗಿನದು, 'ಪ್ರಯರ್' ಎಂದರೆ ಮೊದಲಿನದು. ಅಂದರೆ 'ಹೆಚ್ಚು' ಎಂಬ ಅರ್ಥವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇವು ಇಂಗ್ಲಿಷಿಗೆ ಬಂದವು. ಆದ್ದರಿಂದಲೇ 'ಮೋರ್ ಸುಪೀರಿಯರ್' ಎಂದರೂ ಪರೀಕ್ಷೆಯಲ್ಲಿ ಕೆಂಪು ಗೆರೆ ಬೀಳುತ್ತದೆ. 'ದ್ಯಾನ್' ಇಂಗ್ಲಿಷಿನ ಸ್ವಂತ ರೂಪಗಳಿಗೆ ಮೀಸಲಾಯಿತು, ಈ ಅತಿಥಿಗಳಿಗೆ 'ಟು' ಸಿಕ್ಕಿತು.

ಆ 'ದ್ಯಾನ್' ಕೂಡ ಸ್ವಾರಸ್ಯದ ಪದ. 'ಆಮೇಲೆ' ಎಂಬ ಅರ್ಥದ 'ದೆನ್' ಮತ್ತು ಹೋಲಿಕೆಯ 'ದ್ಯಾನ್' ಎರಡೂ ಮೂಲದಲ್ಲಿ ಒಂದೇ ಪದ. ಬರವಣಿಗೆಯಲ್ಲಿ ಅವು ಪೂರ್ತಿಯಾಗಿ ಬೇರ್ಪಟ್ಟದ್ದು ಸುಮಾರು 1700ರ ವೇಳೆಗೆ. ಮೊದಲು ಒಬ್ಬ, ಆಮೇಲೆ ಇನ್ನೊಬ್ಬ ಎಂಬ ಸಾಲಿನ ಕಲ್ಪನೆ ಅದರ ಒಳಗೆ ಅಡಗಿದೆ ಎನ್ನಬಹುದು. 'ಟು' ಮಾಡುವುದು ಬೇರೆ ಕೆಲಸ. ಅದು ಒಂದು ಗುರುತಿನ ಕಡೆಗೆ ಬೆರಳು ತೋರಿಸುತ್ತದೆ. 'ಸುಪೀರಿಯರ್ ಟು' ಎಂದಾಗ ಎದುರಿಗಿರುವವನು ಗುರುತಿನ ಕಲ್ಲು, ನಾವು ಅದರ ಮೇಲೆ. 'ಇನ್‌ಫೀರಿಯರ್ ಟು' ಎಂದಾಗ ನಾವು ಅದರ ಕೆಳಗೆ. 'ಈಕ್ವಲ್ ಟು' ಎಂದಾಗ ಅದರ ಮಟ್ಟಕ್ಕೆ. ಮೂರರಲ್ಲೂ ಕಲ್ಲು ಇರುವಲ್ಲೇ ಇರುತ್ತದೆ, ಏರುವವರು ಇಳಿಯುವವರು ನಾವು. ಈ ಮಾತು ನೆನಪಿರಲಿ.

ಇನ್ನು 'ಡಿಫರೆಂಟ್'. ಈ ಒಂದು ಪದದ ಸಂಗಾತಿಯ ಬಗ್ಗೆ ಇಂಗ್ಲಿಷರಲ್ಲೇ ಒಮ್ಮತವಿಲ್ಲ. 'ಡಿಫರೆಂಟ್ ಫ್ರಮ್' ಎಲ್ಲ ಕಡೆಯೂ ಸರಿ. ಬ್ರಿಟನ್ನಿನವರ ಬಾಯಲ್ಲಿ 'ಡಿಫರೆಂಟ್ ಟು' ಕೂಡ ಬರುತ್ತದೆ. ಅಮೆರಿಕದವರು 'ಡಿಫರೆಂಟ್ ದ್ಯಾನ್' ಎನ್ನುತ್ತಾರೆ. 'ಫ್ರಮ್' ಎಂಬುದಕ್ಕೆ ಒಂದು ಆಧಾರವಿದೆ. ಲ್ಯಾಟಿನ್ ಮೂಲದಲ್ಲಿ ಈ ಪದದ ಅರ್ಥ ಬೇರೆ ಕಡೆಗೆ ಒಯ್ಯುವುದು ಎಂದು. ಒಂದೆಡೆ ಇದ್ದದ್ದು ಅಲ್ಲಿಂದ ಬೇರೆ ದಿಕ್ಕಿಗೆ ಹೋಯಿತು, ಆದ್ದರಿಂದ 'ಇಂದ'. ಇಲ್ಲಿ ಮೇಲು ಕೆಳಗು ಇಲ್ಲ, ದಿಕ್ಕು ಮಾತ್ರ ಇದೆ.

ಕನ್ನಡದಲ್ಲಿ ಈ ವಿಷಯದಲ್ಲಿ ನಮಗೆ ಎರಡು ದಾರಿಗಳಿವೆ. 'ಇದು ಅದರಿಂದ ಬೇರೆ' ಎನ್ನಬಹುದು, 'ಇದು ಅದಕ್ಕಿಂತ ಬೇರೆ' ಎಂದೂ ಹೇಳಬಹುದು. ಆಡುಮಾತಿನಲ್ಲಿ ಎರಡೂ ನಡೆಯುತ್ತವೆ. ಆದರೆ ಎರಡನ್ನೂ ನಿಧಾನವಾಗಿ ಉಚ್ಚರಿಸಿ ನೋಡಿ. 'ಅವರಿಂದ ನಾವು ಬೇರೆ' ಎಂದಾಗ ಇಬ್ಬರು ಅಕ್ಕಪಕ್ಕ ನಿಂತಂತೆ. 'ಅವರು ನಮಗಿಂತ ಬೇರೆ' ಎಂದಾಗ ಆ 'ಗಿಂತ' ಎಂಬ ಬಾಲದಲ್ಲಿ ಒಂದು ತಕ್ಕಡಿಯ ನೆರಳು ತೂಗಾಡುತ್ತದೆ. 'ಗಿಂತ' ಕೇಳಿದ ಕಿವಿ ಮುಂದೆ 'ಹೆಚ್ಚು' ಅಥವಾ 'ಕಡಿಮೆ' ಎಂಬ ಪದಕ್ಕಾಗಿ ಕಾಯುತ್ತದೆ. ಬೇರೆ ಎಂಬುದು ಯಾವಾಗ ಕಡಿಮೆ ಎಂಬುದಕ್ಕೆ ಜಾರಿತು ಎಂದು ಹೇಳಿದವರಿಗೂ ತಿಳಿಯುವುದಿಲ್ಲ, ಕೇಳಿದವರಿಗೂ ತಿಳಿಯುವುದಿಲ್ಲ. ಊಟ ಬೇರೆ, ಉಡುಪು ಬೇರೆ, ಹಬ್ಬ ಬೇರೆ ಎಂದು ಶುರುವಾದ ಮಾತು ಎಷ್ಟು ಸಲ ನಮ್ಮ ಕಣ್ಣೆದುರಿಗೇ 'ಅವರು ನಮ್ಮಷ್ಟು' ಎಂಬಲ್ಲಿಗೆ ಬಂದು, ಉಳಿದದ್ದನ್ನು ನುಂಗಿಕೊಂಡಿಲ್ಲ?

ಈ ಜಾರುವಿಕೆ ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದಲ್ಲಿ ಕರಿಯರಿಗೂ ಬಿಳಿಯರಿಗೂ ರೈಲಿನಲ್ಲಿ ಬೇರೆ ಬೇರೆ ಬೋಗಿಗಳನ್ನಿಟ್ಟ ಲೂಸಿಯಾನಾ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 1896ರಲ್ಲಿ ಎತ್ತಿಹಿಡಿಯಿತು. ಆ ವ್ಯವಸ್ಥೆಗೆ ಬಿದ್ದ ಹೆಸರು 'ಬೇರೆ, ಆದರೆ ಸಮಾನ' ಎಂದು. ಎರಡು ಗುಣವಾಚಕಗಳು, ಎರಡಕ್ಕೂ ಪ್ರಿಪೊಸಿಷನ್ ಇಲ್ಲ. ಯಾರಿಂದ ಬೇರೆ, ಯಾರಿಗೆ ಸಮಾನ ಎಂದು ಕೇಳಿದ್ದರೆ ಆಗಲೇ ಬಣ್ಣ ಬಯಲಾಗುತ್ತಿತ್ತು. ಬೋಗಿ ಬೇರೆಯಾಗಿಯೇ ಇತ್ತು, ಶಾಲೆ ಬೇರೆಯಾಗಿಯೇ ಇತ್ತು, ಸಮಾನತೆ ಮಾತ್ರ ಬರಲಿಲ್ಲ. ಶಾಲೆಗಳ ಮಟ್ಟಿಗೆ ಆ ಸಿದ್ಧಾಂತವನ್ನು ಅದೇ ನ್ಯಾಯಾಲಯ ತಳ್ಳಿಹಾಕಲು 1954ರ ತನಕ, ಅಂದರೆ 58 ವರ್ಷ ಕಾಯಬೇಕಾಯಿತು.

ಹೋಲಿಸುವ ಕ್ರಿಯೆಗೇ ಇಂಗ್ಲಿಷಿನಲ್ಲಿ ಎರಡು ಸಂಗಾತಿಗಳಿವೆ. 'ಕಂಪೇರ್ ಟು', 'ಕಂಪೇರ್ ವಿತ್'. ಅದರಿಂದ ಹುಟ್ಟಿದ 'ಕಂಪೇರಬಲ್' ಎಂಬ ಗುಣವಾಚಕಕ್ಕೂ ಇವೇ ಎರಡು. ಹಳೆಯ ವ್ಯಾಕರಣಗಳು ಮಾಡುವ ವ್ಯತ್ಯಾಸ ಹೀಗಿದೆ. ಒಂದನ್ನು ಇನ್ನೊಂದರಂತೆ ಇದೆ ಎಂದು ಹೇಳುವಾಗ 'ಟು'. ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಒಂದಾಗಿವೆ, ಎಲ್ಲಿ ಬೇರೆಯಾಗಿವೆ ಎಂದು ಪರಿಶೀಲಿಸುವಾಗ 'ವಿತ್'. ಇದು ನಮಗೆ ಹೊಸತೇನಲ್ಲ. ಕನ್ನಡದಲ್ಲೂ ಮುಖವನ್ನು ಚಂದ್ರನಿಗೆ ಹೋಲಿಸುತ್ತೇವೆ, ಈ ವರ್ಷದ ಬೆಳೆಯನ್ನು ಹೋದ ವರ್ಷದ ಬೆಳೆಯೊಂದಿಗೆ ಹೋಲಿಸುತ್ತೇವೆ. ಮೊದಲನೆಯದು ಕವಿಯ ಕೆಲಸ, ಎರಡನೆಯದು ರೈತನ ಲೆಕ್ಕ.

ಕನ್ನಡ ತರಗತಿಯಲ್ಲಿ ಉಪಮಾಲಂಕಾರ ಕಲಿತವರಿಗೆ ನಾಲ್ಕು ಅಂಗಗಳು ನೆನಪಿರಬಹುದು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. 'ಹುಡುಗಿಯ ಹಲ್ಲು ಮುತ್ತಿನಂತೆ ಹೊಳೆಯುತ್ತದೆ' ಎಂದರೆ ಹಲ್ಲು ಉಪಮೇಯ, ಮುತ್ತು ಉಪಮಾನ, 'ಅಂತೆ' ವಾಚಕ, ಹೊಳೆಯುವಿಕೆ ಸಮಾನಧರ್ಮ. ಈ ನಾಲ್ಕನೆಯ ಅಂಗವೇ ಮುಖ್ಯ. ಎರಡರಲ್ಲೂ ಇರುವ ಒಂದು ಸಾಮಾನ್ಯ ಗುಣವನ್ನು ಗುರುತಿಸದೆ ಹೋಲಿಕೆ ನಿಲ್ಲುವುದಿಲ್ಲ. ನಮ್ಮ ಮನೆಗಳಲ್ಲಿ ನಡೆಯುವ ಹೋಲಿಕೆಗಳಿಗೆ ಈ ಪರೀಕ್ಷೆ ಇಟ್ಟು ನೋಡೋಣ. ಅಕ್ಕನಿಗಿಂತ ತಂಗಿ ಬೆಳ್ಳಗಿದ್ದಾಳೆ. ಪಕ್ಕದ ಮನೆಯ ಹುಡುಗ ನಿನಗಿಂತ ಜಾಣ. ಅವರ ಮನೆಯ ಮದುವೆಗಿಂತ ನಮ್ಮದು ಜೋರಾಗಬೇಕು. ಹೆಣ್ಣು ನೋಡಲು ಬಂದವರ ಮುಂದೆ ಮೊದಲ ವಾಕ್ಯ ಕೇಳಿಸಿಕೊಂಡ ಅಕ್ಕ ಅದನ್ನು ಜೀವಮಾನವಿಡೀ ಮರೆಯುವುದಿಲ್ಲ. ಎರಡನೆಯದನ್ನು ದಿನಾ ಕೇಳಿದ ಹುಡುಗ ಪಕ್ಕದ ಮನೆಯವನನ್ನೂ ದ್ವೇಷಿಸುತ್ತಾನೆ, ಪುಸ್ತಕವನ್ನೂ ದ್ವೇಷಿಸುತ್ತಾನೆ. ಮೂರನೆಯದರ ಸಾಲ ತೀರಿಸುವಷ್ಟರಲ್ಲಿ ಮದುಮಗಳಿಗೆ ಎರಡು ಮಕ್ಕಳಾಗಿರುತ್ತವೆ. ಸಂಪತ್ತಿನ ವಿಷಯದಲ್ಲಿ ನಮಗಿಂತ ಮೇಲಿರುವವರನ್ನಲ್ಲ, ಕೆಳಗಿರುವವರನ್ನು ನೋಡಬೇಕು, ಆಗ ದೇವನ ಅನುಗ್ರಹವನ್ನು ಹಗುರವಾಗಿ ಕಾಣಲಾರಿರಿ ಎಂಬ ಅರ್ಥದ ಪ್ರವಾದಿ ವಚನವನ್ನು ಪ್ರವಚನಗಳಲ್ಲಿ ಕೇಳುತ್ತೇವೆ, ಶಾಮಿಯಾನಾದ ಅಳತೆ ಕೊಡುವಾಗ ಮರೆಯುತ್ತೇವೆ.

ಯಾವುದರೊಂದಿಗೆ ಹೋಲಿಸುತ್ತೇವೆ ಎಂಬುದು ಅಂಕಿಅಂಶಗಳಲ್ಲೂ ಎಲ್ಲವನ್ನೂ ಬದಲಿಸುತ್ತದೆ. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 64.8, ಮುಸ್ಲಿಮರದ್ದು ಶೇ. 59.1. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದ ಮೇಲೆ ಮುಸ್ಲಿಮರು ಸರಾಸರಿಗಿಂತ ಕೆಳಗೆ ಎಂಬ ಮಾತು ಎಲ್ಲೆಡೆ ಚರ್ಚೆಯಾಯಿತು. ಅದು ನಿಜ, ಚರ್ಚೆಯಾಗಲೇಬೇಕಿತ್ತು. ಆದರೆ ಅದೇ ಜನಗಣತಿಯಲ್ಲಿ ಕರ್ನಾಟಕದ ಒಟ್ಟು ಸಾಕ್ಷರತೆ ಶೇ. 66.6, ಕರ್ನಾಟಕದ ಮುಸ್ಲಿಮರದ್ದು ಶೇ. 70.1. ಇಲ್ಲಿ 'ಕೆಳಗೆ' ಎಂಬ ಪದದ ಜಾಗದಲ್ಲಿ 'ಮೇಲೆ' ಬರೆಯಬೇಕು. ಹಾಗೆಂದು ಹಿಗ್ಗಿ ಕೂರುವ ಹಾಗೂ ಇಲ್ಲ. ಮುಸ್ಲಿಮರಲ್ಲಿ ಹೆಚ್ಚಿನವರು ಶಾಲೆ ಹತ್ತಿರವಿರುವ ಪೇಟೆಪಟ್ಟಣಗಳಲ್ಲಿ ಇರುವುದರಿಂದ, ಪೇಟೆಯವರನ್ನು ಪೇಟೆಯವರೊಂದಿಗೆ ಇಟ್ಟು ನೋಡಿದಾಗಲೇ ಚಿತ್ರ ಸ್ಪಷ್ಟವಾಗುವುದು. ಅಂಕಿ ಸುಳ್ಳು ಹೇಳುವುದಿಲ್ಲ. ಆದರೆ 'ಯಾರೊಂದಿಗೆ' ಎಂಬ ಪ್ರಶ್ನೆಯನ್ನು ನಾವು ಕೇಳದಿದ್ದರೆ ಅದು ಅರ್ಧ ಮಾತ್ರ ಹೇಳುತ್ತದೆ.

ಹೋಲಿಕೆಯ ಇನ್ನೊಂದು ವಾಕ್ಯ ಇದೆ. ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಕನ್ನಡ ಬರೆಯುವ, ಕನ್ನಡದಲ್ಲಿ ಮಾತನಾಡುವ ನಮ್ಮಲ್ಲಿ ಅದನ್ನು ಕೇಳದವರು ವಿರಳ. ಬಾಡಿಗೆ ಮನೆ ಹುಡುಕುತ್ತಾ ಹೋದಾಗ ಮನೆಯೊಡತಿ ಹೆಸರು ಕೇಳಿ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ನಕ್ಕು, 'ಪರವಾಗಿಲ್ಲ ಬಿಡಿ, ನೀವು ಅವರ ಹಾಗಲ್ಲ' ಎನ್ನುತ್ತಾರೆ. ಸಭೆಯಲ್ಲಿ ಭಾಷಣ ಮುಗಿಸಿ ಇಳಿದರೆ ಹಿರಿಯರೊಬ್ಬರು ಕೈಹಿಡಿದು, 'ಎಷ್ಟು ಚೆನ್ನಾಗಿದೆ ಸಾರ್ ನಿಮ್ಮ ಕನ್ನಡ, ನೀವು ಮುಸ್ಲಿಮರೆಂದು ಗೊತ್ತೇ ಆಗುವುದಿಲ್ಲ' ಎನ್ನುತ್ತಾರೆ. ಮಾತಿನಲ್ಲಿ ಪ್ರೀತಿ ಇರುತ್ತದೆ, ಸಂಶಯವಿಲ್ಲ. ಆ ಹೊತ್ತಿಗೆ ನಾವೂ ನಕ್ಕು ಧನ್ಯವಾದ ಹೇಳುತ್ತೇವೆ.

ಮನೆಗೆ ಬಂದ ಮೇಲೆ ಆ ವಾಕ್ಯ ಒಳಗೆ ಕೊರೆಯುತ್ತದೆ. ಇಂಗ್ಲಿಷಿನ 'ಅನ್‌ಲೈಕ್' ಮಾಡುವ ಕೆಲಸವನ್ನೇ ಕನ್ನಡದ 'ಹಾಗಲ್ಲ' ಇಲ್ಲಿ ಮಾಡುತ್ತಿದೆ. ಅದು ಒಬ್ಬರನ್ನು ಎತ್ತಿ ಪಕ್ಕಕ್ಕಿಟ್ಟು, ಉಳಿದ ಎಲ್ಲರನ್ನೂ ಕಂಡೂ ಕಾಣದ ಒಂದು ಉಪಮಾನದೊಳಗೆ ತಳ್ಳಿಬಿಡುತ್ತದೆ. ಆ 'ಅವರು' ಯಾರು? ಬೆಳಗಿನ ಜಾವ ಎದ್ದು ನಮಗೆ ರೊಟ್ಟಿ ಸುಟ್ಟು ಶಾಲೆಗೆ ಕಳಿಸಿದ ಅಮ್ಮ, ಗುಜರಿ ವ್ಯಾಪಾರದಲ್ಲಿ ಸಂಸಾರ ಸಾಕಿದ ಚಾಚಾ, ಬೀಡಿ ಕಟ್ಟಿ ಮಗಳನ್ನು ಡಿಗ್ರಿ ಓದಿಸಿದ ನೆರೆಯ ಆಪಾ. ನಮ್ಮನ್ನು ಹೊಗಳಲು ಅವರನ್ನೆಲ್ಲ ಇಳಿಸಬೇಕಾದರೆ ಆ ಹೊಗಳಿಕೆಯನ್ನು ನಾವು ಯಾವ ಕೈಯಿಂದ ತೆಗೆದುಕೊಳ್ಳುವುದು? ಈಚೆಗೆ ನಾವು ಒಂದು ಉತ್ತರ ರೂಢಿಸಿಕೊಂಡಿದ್ದೇವೆ. ಸಿಟ್ಟಿಲ್ಲದೆ, ನಗುತ್ತಲೇ ಹೇಳುವುದು: 'ಇಲ್ಲ ಅಮ್ಮಾ, ನಾವೂ ಅವರ ಹಾಗೆಯೇ. ನಿಮಗೆ ಇನ್ನೂ ಪರಿಚಯವಾಗಿಲ್ಲ ಅಷ್ಟೇ.' ಕೆಲವರು ಮುಖ ತಿರುಗಿಸುತ್ತಾರೆ. ಕೆಲವರು 'ಬನ್ನಿ, ಕಾಫಿ ಕುಡಿಯಿರಿ' ಎನ್ನುತ್ತಾರೆ.

ಆದರೆ ತಕ್ಕಡಿ ನಮ್ಮ ಕೈಯಲ್ಲೂ ಇದೆ ಎಂಬುದನ್ನು ಮರೆಯಬಾರದು. ಉತ್ತರ ಭಾರತದ ಮುಸ್ಲಿಮರಲ್ಲಿ ಅಶ್ರಾಫ್, ಅಜ್ಲಾಫ್ ಎಂಬ ಮೇಲುಕೀಳಿನ ವಿಂಗಡಣೆ ಶತಮಾನಗಳಿಂದ ನಡೆದು ಬಂದಿದೆ. ನಮ್ಮಲ್ಲಿ ಆ ಹೆಸರುಗಳು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಸಂಬಂಧ ಮಾತನಾಡುವಾಗ 'ಅವರು ನಮ್ಮಷ್ಟು ಖಾನ್‌ದಾನಿ ಅಲ್ಲ' ಎಂಬ ಮಾತು ಬರುತ್ತದೆ. ಬ್ಯಾರಿ ಮಾತನಾಡುವವರು, ದಖನಿ ಮಾತನಾಡುವವರು, ನವಾಯತರು ಒಬ್ಬರ ಬಗ್ಗೆ ಇನ್ನೊಬ್ಬರು ಆಡುವ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಪಿಂಜಾರರು, ನದಾಫರು, ದರ್ವೇಶಿಗಳು ಸಮುದಾಯದ ಸಭೆಗಳಲ್ಲಿ ಎಷ್ಟನೆಯ ಸಾಲಿನಲ್ಲಿ ಕೂರುತ್ತಾರೆ ಎಂಬುದನ್ನು ನೋಡಿದರೆ ಸಾಕು.

ಈಗ 'ಈಕ್ವಲ್'ಗೆ ಬರೋಣ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಬಾಲಕಿಯರದೇ ಮೇಲುಗೈ ಎಂದು ಪತ್ರಿಕೆಗಳು ಬರೆಯುತ್ತವೆ. ಆ ದಿನ ನಮ್ಮ ಮನೆಗಳಲ್ಲಿ ಒಂದು ವಾಕ್ಯ ಕೇಳಿಬರುತ್ತದೆ. 'ನನ್ನ ಮಗಳು ಗಂಡುಮಗನಿಗೆ ಸಮ.' ತಂದೆ ಅಭಿಮಾನದಿಂದ ಹೇಳುತ್ತಾರೆ, ಮಗಳೂ ಹಿಗ್ಗುತ್ತಾಳೆ. ಆದರೆ ಮೇಲೆ ಹೇಳಿದ ಗುರುತಿನ ಕಲ್ಲನ್ನು ನೆನಪಿಸಿಕೊಳ್ಳಿ. 'ಗೆ ಸಮ' ಎಂದಾಗ, 'ಈಕ್ವಲ್ ಟು' ಎಂದಾಗ, ಕಲ್ಲು ಗಂಡುಮಗ. ಅವನ ಮಟ್ಟಕ್ಕೆ ಮಗಳು ಏರಬೇಕು. ಗಂಡುಮಗ ಹೆಣ್ಣುಮಗಳಿಗೆ ಸಮ ಎಂದು ಯಾವ ತಂದೆಯಾದರೂ ಹೇಳಿದ್ದುಂಟೇ? ಸಮಾನತೆ ಎಂಬ ಎಷ್ಟು ಒಳ್ಳೆಯ ಪದ ತಂದರೂ, ಅದರ ಪಕ್ಕದ ಸಣ್ಣ ಪದ ಯಾರು ಅಳತೆಗೋಲು, ಯಾರು ಅಳೆಸಿಕೊಳ್ಳುವವರು ಎಂಬುದನ್ನು ಗುಟ್ಟಾಗಿ ತೀರ್ಮಾನಿಸಿಬಿಟ್ಟಿರುತ್ತದೆ.

ಅದೇ ಪದಕ್ಕೆ ಇನ್ನೊಂದು ಸಂಗಾತಿ ಇದೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 14ನೆಯ ವಿಧಿ ಸಮಾನತೆಯನ್ನು ಹೇಳುವಾಗ 'ಟು' ಬಳಸಲಿಲ್ಲ, 'ಬಿಫೋರ್' ಬಳಸಿತು. ಕಾನೂನಿನ ಮುಂದೆ ಸಮಾನತೆ. ಅಲ್ಪಸಂಖ್ಯಾತರು ಬಹುಸಂಖ್ಯಾತರಿಗೆ ಸಮ, ದಲಿತರು ಸವರ್ಣೀಯರಿಗೆ ಸಮ, ಹೆಣ್ಣು ಗಂಡಿಗೆ ಸಮ ಎಂದು ಅದು ಬರೆಯಲಿಲ್ಲ. ಹಾಗೆ ಬರೆದಿದ್ದರೆ ಒಬ್ಬರು ಸದಾ ಕಲ್ಲಾಗಿ, ಇನ್ನೊಬ್ಬರು ಸದಾ ಏರುವವರಾಗಿ ಉಳಿಯುತ್ತಿದ್ದರು. 'ಮುಂದೆ' ಎಂಬ ಪದ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಅಳತೆಗೋಲನ್ನು ಇಬ್ಬರ ಕೈಯಿಂದಲೂ ಕಿತ್ತುಕೊಂಡು ಮೂರನೆಯ ಕಡೆ ಇಟ್ಟಿತು. ಅಷ್ಟೇ ಅಲ್ಲ, ಆ ವಿಧಿ ಮಾತನಾಡುವುದು ಪ್ರಜೆಯ ಬಗ್ಗೆ ಮಾತ್ರವಲ್ಲ, ಯಾವುದೇ ವ್ಯಕ್ತಿಯ ಬಗ್ಗೆ. ಆ ಸಾಲು ನೆಲದ ಮೇಲೆ ಪೂರ್ತಿ ಬಂದಿದೆ ಎಂದು ಯಾರೂ ಹೇಳಲಾರರು. ಆದರೆ ಬರಬೇಕಾದದ್ದು ಯಾವುದು ಎಂಬುದನ್ನು ಒಂದು ಪ್ರಿಪೊಸಿಷನ್ ಸ್ಪಷ್ಟವಾಗಿ ಬರೆದಿಟ್ಟಿದೆ.

ನಮಗೆ ಈ 'ಮುಂದೆ' ಹೊಸದಾಗಿರಬೇಕಾಗಿರಲಿಲ್ಲ. ಐದು ಹೊತ್ತಿನ ನಮಾಝಿನಲ್ಲಿ ಸಾಲು ನೇರ ಮಾಡಿಕೊಳ್ಳಿ ಎಂದು ಇಮಾಮರು ಹೇಳುವಾಗ, ಮೊದಲು ಬಂದವನು ಮುಂದೆ, ಆಮೇಲೆ ಬಂದವನು ಹಿಂದೆ ನಿಲ್ಲುತ್ತಾನೆ. ಹಣವಂತನಿಗೆ ಅಲ್ಲಿ ಕಾದಿರಿಸಿದ ಜಾಗ ಇರಬಾರದು. ಅಲ್ಲಿ ಕೂಲಿಯವನು ಸಾಹುಕಾರನಿಗೆ ಸಮ ಎಂದು ಯಾರೂ ಹೇಳುವುದಿಲ್ಲ, ಹೇಳುವ ಅಗತ್ಯವಿಲ್ಲ. ಇಬ್ಬರೂ ಒಬ್ಬನ ಮುಂದೆ ನಿಂತಿದ್ದಾರೆ. ಪ್ರವಾದಿ ಮುಹಮ್ಮದ್(ಸ)ರು ಕ್ರಿ.ಶ. 632ರ ವಿದಾಯದ ಹಜ್ಜಿನಲ್ಲಿ ಹೇಳಿದ ಮಾತಿನ ಸಾರವೂ ಅದೇ. ಅರಬನಿಗೆ ಅರಬೇತರನ ಮೇಲೆ, ಅರಬೇತರನಿಗೆ ಅರಬನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ, ಕರಿಯನಿಗೆ ಬಿಳಿಯನ ಮೇಲೆ ಹಿರಿಮೆಯಿಲ್ಲ, ಇರುವುದಾದರೆ ಅದು ತಕ್ವಾದಿಂದ ಮಾತ್ರ. ಗಮನಿಸಬೇಕಾದ ಸಂಗತಿಯೆಂದರೆ ಇಲ್ಲಿ ಹೋಲಿಕೆಯನ್ನು ಎರಡೂ ದಿಕ್ಕಿನಿಂದ ಅಲ್ಲಗಳೆಯಲಾಗಿದೆ. ಯಾರನ್ನೂ ಕಲ್ಲಾಗಿ ನಿಲ್ಲಲು ಬಿಟ್ಟಿಲ್ಲ. ಮತ್ತು ತಕ್ವಾವನ್ನು ಅಳೆಯುವ ಕೋಲು ಯಾವ ಮನುಷ್ಯನ ಕೈಯಲ್ಲೂ ಇಲ್ಲ.

ಅರಬಿಯ 'ಮಿನ್' ಬಿಟ್ಟುಹೋದ ಸ್ಥಳದ ಮಾತು ಬಾಕಿ ಇತ್ತು. 'ಅಲ್ಲಾಹು ಅಕ್ಬರ್' ಎಂಬುದನ್ನು 'ಅಲ್ಲಾಹನು ದೊಡ್ಡವನು' ಎಂದು ಅನುವಾದಿಸುವುದು ರೂಢಿ. ಆದರೆ 'ಅಕ್ಬರ್' ಹೋಲಿಕೆಯ ರೂಪ, 'ಹೆಚ್ಚು ದೊಡ್ಡವನು'. ಯಾವುದಕ್ಕಿಂತ? ಅದನ್ನು ಹೇಳಿಲ್ಲ. ಎಲ್ಲಕ್ಕಿಂತ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಲ್ಲಿ ನಾವು ಹೆಸರಿಡಬಹುದಾದ ಪ್ರತಿಯೊಂದೂ, ಅಧಿಕಾರ, ಕುಲ, ಬಣ್ಣ, ಪೇಟ, ಬ್ಯಾಂಕಿನ ಪಾಸ್‌ಬುಕ್, ಆ ಬಿಟ್ಟ ಸ್ಥಳದಲ್ಲಿ ಬಂದು ಬೀಳುತ್ತದೆ. ದಿನಕ್ಕೆ ಐದು ಹೊತ್ತು ಆ ವಾಕ್ಯ ಕೇಳುವ ನಮಗೆ, ಮಿಕ್ಕ ಹೊತ್ತಿನಲ್ಲಿ 'ಅವನಿಗಿಂತ ನಾನು' 'ಅವಳಿಗಿಂತ ನೀನು' ಎಂದು ತೂಗುತ್ತಾ ಕೂರಲು ಸಮಯ ಸಿಗುವುದಾದರೂ ಹೇಗೆ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹೋಲಿಕೆ ಇಲ್ಲದೆ ಬದುಕಲಾಗದು ಎಂಬುದೂ ನಿಜವೇ. ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುವವರು, ರೋಗಿಯ ಜ್ವರ ಬರೆದಿಡುವ ನರ್ಸು, ಎರಡು ಸರಕಾರಗಳ ಬಜೆಟ್ ನೋಡುವ ನಾಗರಿಕರು ಹೋಲಿಸಲೇಬೇಕು. ಬೇಡವೆನ್ನುವುದು ಹೋಲಿಕೆಯನ್ನಲ್ಲ, ಅದರ ಸಣ್ಣ ಪದವನ್ನು ನೋಡದೆ ನುಂಗುವುದನ್ನು. ಮಕ್ಕಳಿಗೆ 'ಸುಪೀರಿಯರ್ ಟು', 'ಡಿಫರೆಂಟ್ ಫ್ರಮ್' ಬಾಯಿಪಾಠ ಮಾಡಿಸಬೇಕು, ಅಂಕ ಬರಬೇಕಲ್ಲ. ಆದರೆ ಅಷ್ಟಕ್ಕೆ ನಿಲ್ಲಿಸಬೇಕಾಗಿಲ್ಲ. ಯಾರಾದರೂ ಒಬ್ಬರನ್ನು ಮೇಲು ಎಂದಾಗ ಯಾರಿಗಿಂತ ಎಂದು, ಬೇರೆ ಎಂದಾಗ ಯಾರಿಂದ ಎಂದು, ಸಮ ಎಂದಾಗ ಯಾರಿಗೆ ಎಂದು ಕೇಳಲು ಕಲಿಸೋಣ. ಆ ಮೂರು ಪ್ರಶ್ನೆ ಕಲಿತ ಮಗು, ಸಮಾನತೆಯ ಪಕ್ಕದಲ್ಲಿ 'ಗೆ' ಬರೆಯಬೇಕೋ 'ಮುಂದೆ' ಬರೆಯಬೇಕೋ ಎಂಬುದನ್ನು ತಾನೇ ಯೋಚಿಸುತ್ತದೆ.